ಟವೆಲ್ ಹಾಕಿದವರಿಗೇ ಸೀಟೇ?



ಈ ಸಲದ ಟಪಾಲಿನಲ್ಲಿ ಸೊರಬದ ಕಡೆಯ ಒಬ್ಬ ತಾಯಿಯ ಪತ್ರವಿದೆ. ಮಗಳು ಬಿ.ಕಾಂ. ಕೊನೆಯ ವರ್ಷ. ಮನೆಯೋ ಎರಡೇ ಕೋಣೆ. ಒಂದರಲ್ಲಿ ಹಾಸಿಗೆ ಹಿಡಿದ ಮಾವನವರು, ಇನ್ನೊಂದರಲ್ಲಿ ಟಿ.ವಿ. ಕಾಲೇಜಿನ ಲೈಬ್ರರಿಯಲ್ಲಿ ಓದಿಕೊಳ್ಳೋಣವೆಂದರೆ ಹಳ್ಳಿಯ ಬಸ್ಸು ಬರುವಷ್ಟರಲ್ಲಿ ಕುರ್ಚಿಗಳೆಲ್ಲ ಭರ್ತಿ. ಭರ್ತಿ ಅಂದರೆ ಜನ ಕೂತಿದ್ದಾರೆ ಅಂತಲ್ಲ! ಮೇಜಿನ ಮೇಲೆ ಒಂದೊಂದು ನೋಟ್‌ಬುಕ್ಕು, ಅದರ ಒಡೆಯರು ಕ್ಯಾಂಟೀನಿನಲ್ಲಿ. ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯುವ ವಿದ್ಯೆ ಸರಸ್ವತಿಯ ಮನೆಗೂ ಬಂತು ನೋಡಿ. ಈ ಸಲ ಒಂದು ವಿಷಯದಲ್ಲಿ ಫೇಲಾದರೂ "ಓದಿದ್ದು ಸಾಕು, ಗಂಡು ನೋಡೋಣ" ಅಂತ ಮನೆಯಲ್ಲಿ ತೀರ್ಮಾನವಾಗಿದೆಯಂತೆ. ಈಗ ಹೇಳಿ, ಕುರ್ಚಿಯ ಮಾತು ಚಿಕ್ಕದೇ?

ನಮ್ಮ ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಶಾಸನ ಹೇಳುವಂತೆ ಮಯೂರಶರ್ಮ ಗುರು ವೀರಶರ್ಮರ ಜೊತೆ ಓದಲಿಕ್ಕೆಂದು ಕಂಚಿಯ ಘಟಿಕೆಯವರೆಗೂ ಹೋದ. ಅವನು ಗಂಡಸು, ಹೋದ. ನಮ್ಮ ಹುಡುಗಿಗೆ ಸಂಜೆಯ ಬಸ್ಸು ತಪ್ಪಬಾರದು!

ಹೊರದೇಶದ ವಿಶ್ವವಿದ್ಯಾಲಯಗಳಲ್ಲಿ ಈಗ ಫೋನಿನಲ್ಲೇ ಗಂಟೆ ಲೆಕ್ಕದಲ್ಲಿ ಕುರ್ಚಿ ಕಾದಿರಿಸಬಹುದು. ಹೊತ್ತಿಗೆ ಬಂದು ಕೂರದಿದ್ದರೆ ಜಾಗ ಬೇರೆಯವರಿಗೆ. ನಮಗೆ ಅಷ್ಟೆಲ್ಲ ಯಾಕೆ? ಬಾಗಿಲಲ್ಲಿ ಸಹಿ ಹಾಕುವ ರಿಜಿಸ್ಟರ್ ಇರುತ್ತದಲ್ಲ, ಅದರಲ್ಲಿ ಇನ್ನೊಂದು ಗೆರೆ ಎಳೆದು ಕುರ್ಚಿಯ ನಂಬರು ಬರೆಸಿದರಾಯ್ತು. ಅರ್ಧ ಗಂಟೆ ಆಸಾಮಿ ಕಾಣದಿದ್ದರೆ ನೋಟ್‌ಬುಕ್ಕು ಕೌಂಟರಿಗೆ. ಆದರೆ ಇದನ್ನು ಒಬ್ಬಳೇ ಕೇಳಿದರೆ ಜಗಳಗಂಟಿ ಅನ್ನಿಸಿಕೊಳ್ಳುತ್ತಾಳೆ. ಬಸ್ಸಿನಲ್ಲಿ ಬರುವ ಹತ್ತು ಹುಡುಗಿಯರು ಸೇರಿ ಸಹಿ ಹಾಕಿ, ಗ್ರಂಥಪಾಲಕರಿಗೊಂದು ಪ್ರಿನ್ಸಿಪಾಲರಿಗೊಂದು ಅರ್ಜಿ ಕೊಡಲಿ. ಎಸ್.ಆರ್. ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಐದು ಸೂತ್ರಗಳಲ್ಲಿ ಓದುಗರ ವೇಳೆ ಉಳಿಸುವುದೂ ಒಂದು. ಗ್ರಂಥಪಾಲಕರು ಅದನ್ನು ಪಾಠವಾಗಿ ಓದಿಯೇ ಬಂದಿರುತ್ತಾರೆ, ತಳ್ಳಿಹಾಕುವುದು ಕಷ್ಟ.

ಪರೀಕ್ಷೆ ಹತ್ತಿರ ಬಂದಾಗ ಎಲ್ಲರೂ ನುಗ್ಗುತ್ತಾರೆ. ಅದಕ್ಕೇ ಈಗಿನಿಂದಲೇ ಬಿಡುವಿನ ಪೀರಿಯಡ್ಡಿನಲ್ಲಿ ಹೋಗಿ ಕೂರಲಿ. ಮನೆಗೆ ಕೊಡದ ದಪ್ಪ ಪುಸ್ತಕಗಳನ್ನು ಅಲ್ಲೇ ಓದಿ ಬರೆದುಕೊಳ್ಳಲಿ, ಉಳಿದದ್ದು ಮನೆಗೆ. ದಿನಾ ಕಾಣುವ ಮುಖಕ್ಕೆ ಅಟೆಂಡರೂ ಒಂದು ಮೂಲೆ ತೋರಿಸುತ್ತಾನೆ.

ರಜೆಯ ದಿನಕ್ಕೆ ಊರಿನ ಪಂಚಾಯಿತಿ ಲೈಬ್ರರಿ ಇದೆಯಲ್ಲ, ಈಗ ಅದನ್ನು ಅರಿವು ಕೇಂದ್ರ ಅಂತಾರೆ. ತೆರೆಯುವ ವೇಳೆ, ವಾರದ ರಜೆ ಕೇಳಿಕೊಳ್ಳಿ. 1965ರ ಕಾಯ್ದೆಯಿಂದ ಮನೆ ಕಂದಾಯದ ಜೊತೆ ಗ್ರಂಥಾಲಯ ಕರವನ್ನೂ ನಾವು ಕಟ್ಟುತ್ತಾ ಬಂದಿದ್ದೇವೆ, ಸಂಕೋಚವೇಕೆ? ಗಂಡಸರು ಪೇಪರ್ ಓದುವ ಜಾಗ ಅಂತ ಹುಡುಗಿ ಹಿಂಜರಿದರೆ ಮೊದಲೆರಡು ದಿನ ನೀವೇ ಜೊತೆಗೆ ಹೋಗಿ ಕೂತುಕೊಳ್ಳಿ. ಕೈಯಲ್ಲಿ ಈ ಪತ್ರಿಕೆ ಇದ್ದರೆ ಹೊತ್ತು ಹೋಗೋದೇ ಗೊತ್ತಾಗಲ್ಲ! ಮಾವನವರ ಗಂಜಿಯನ್ನು ಆ ಒಂದು ಗಂಟೆ ಯಜಮಾನರು ನೋಡಿಕೊಳ್ಳಲಿ, ಏನೂ ಆಗಲ್ಲ.

ಇನ್ನು ಡಬ್ಬಿ. ಲೈಬ್ರರಿಯೊಳಗೆ ತಿನ್ನುವ ಹಾಗಿಲ್ಲ, ಅನ್ನ ಸಾರು ಕಲಸಿ ಉಣ್ಣುವಷ್ಟರಲ್ಲಿ ಅರ್ಧ ಗಂಟೆ ಮುಗಿದಿರುತ್ತದೆ. ಚಪಾತಿಗೆ ಶೇಂಗಾ ಚಟ್ನಿಪುಡಿ, ಬೆಣ್ಣೆ ಸವರಿ ಸುರುಳಿ ಸುತ್ತಿ ಕೊಡಿ. ವರಾಂಡದಲ್ಲಿ ನಿಂತುಕೊಂಡೇ ಹತ್ತು ನಿಮಿಷದಲ್ಲಿ ತಿಂದು, ಕೈ ತೊಳೆದು, ಒಳಗೆ ಹೋಗಬಹುದು.