ಸಾಲ ಮಾಡಿ ಉದ್ದ ಲೆನ್ಸ್ ಕೊಳ್ಳಬೇಡಿ

ಹಾರವಾಡದ ಕಡಲತೀರಕ್ಕೆ ಏಂಡಿ ಬಲೆ ಎಳೆಯುವ ಹೊತ್ತಿಗೆ ಹೋಗಿ ನಿಲ್ಲಿ. ಬಲೆಯಿಂದ ಜಾರಿದ ಮೀನಿಗೆ ಗರುಡಗಳು ನಮ್ಮ ತಲೆಯ ಮೇಲೆಯೇ ಎರಗುತ್ತವೆ. ಈ ಫೋಟೊ ತೆಗೆಯಲು 250 ಎಂಎಂ ಲೆನ್ಸ್ ಸಾಕು. ಹೀಗೆಂದರೆ ನಮ್ಮೂರ ಹುಡುಗರು ನಗುತ್ತಾರೆ. 600 ಎಂಎಂ ಇಲ್ಲದವನು ಫೋಟೊಗ್ರಾಫರೇ ಅಲ್ಲ ಎಂದು ಯೂಟ್ಯೂಬ್ ಅವರಿಗೆ ಕಲಿಸಿಬಿಟ್ಟಿದೆ.

ನಾವು ಇದನ್ನು ಒಪ್ಪುವುದಿಲ್ಲ.

ದೊಡ್ಡ ಕಂಪನಿಗಳ ಹೊಸ 600 ಎಂಎಂ ಎಫ್/4 ಲೆನ್ಸಿನ ಬೆಲೆ 10 ಲಕ್ಷ ರೂಪಾಯಿ ದಾಟುತ್ತದೆ. ತೂಕ ಸುಮಾರು 3 ಕೆ.ಜಿ. ಮೀನು, ಗಜನಿ ಭತ್ತ ನಂಬಿದ ಮನೆಗೆ ಇದರ ಅರ್ಧ ಬೆಲೆಯ ಲೆನ್ಸಿನ ಕಂತೂ ಹೊರೆಯೇ.

ಸಾಮಾನ್ಯ ಡಿಎಸ್ಎಲ್ಆರ್‌ಗಳಲ್ಲಿರುವುದು ಎಪಿಎಸ್-ಸಿ ಎಂಬ ಚಿಕ್ಕ ಸೆನ್ಸರ್. ಅದರಲ್ಲಿ 250 ಎಂಎಂ ಲೆನ್ಸ್ ಹಾಕಿದರೆ, ಫುಲ್ ಫ್ರೇಮ್ ಕ್ಯಾಮೆರಾದ 375ರಿಂದ 400 ಎಂಎಂ ಲೆನ್ಸಿನಷ್ಟು ಹತ್ತಿರ ಕಾಣುತ್ತದೆ. ನಮ್ಮ ಬಳಿ ಇರುವುದೇ ಅಷ್ಟು ದೂರ ಹೋಗುತ್ತದೆ.

ಇನ್ನೊಂದು ಮಾತು ಅಂಗಡಿಯವರು ಹೇಳುವುದಿಲ್ಲ. ಮಧ್ಯಾಹ್ನ ಕಾದ ಮರಳಿನ ಮೇಲೆ ಗಾಳಿ ನಡುಗುತ್ತದೆ. ಆಗ ದೂರದ ಹಕ್ಕಿ ಯಾವ ಲೆನ್ಸಿನಲ್ಲೂ ಮಸುಕೇ. ಬೆಳಿಗ್ಗೆ ಬೇಗ ಎದ್ದು ಹತ್ತಿರ ಕೂತವನಿಗೇ ಚಿತ್ರ ಸಿಗುತ್ತದೆ.

ಹಿತ್ತಲಿನ ವಿಷಯಕ್ಕೆ ಬನ್ನಿ. ಆ 600 ಎಂಎಂ ಲೆನ್ಸಿಗೆ ಫೋಕಸ್ ಕೂರಲು ನಾಲ್ಕು ಮೀಟರಿಗಿಂತ ಹೆಚ್ಚು ದೂರ ಬೇಕು. ಅಬ್ಬಲಿಗೆಯ ಮೇಲಿನ ಚಿಟ್ಟೆಗೆ ಅದು ಪ್ರಯೋಜನವಿಲ್ಲ. ಕ್ಯಾಮೆರಾ ಜೊತೆ ಬರುವ 18-55 ಲೆನ್ಸ್ ಸುಮಾರು 25 ಸೆಂ.ಮೀ. ಹತ್ತಿರಕ್ಕೂ ಫೋಕಸ್ ಮಾಡುತ್ತದೆ. ಇನ್ನೂ ಹತ್ತಿರ ಬೇಕೆಂದರೆ ಎಕ್ಸ್‌ಟೆನ್ಶನ್ ಟ್ಯೂಬ್ ಇದೆ. ಅದರೊಳಗೆ ಗಾಜೇ ಇಲ್ಲ, ಬರಿಯ ಪೊಳ್ಳು ಕೊಳವೆ. ಅದಕ್ಕೇ ಅಗ್ಗ.

ನಮ್ಮ ಗುಂಪಿನ ಒಬ್ಬರು ಕಂತಿನಲ್ಲಿ ದೊಡ್ಡ ಲೆನ್ಸ್ ತಂದರು. ಒಂದೇ ಮಳೆಗಾಲಕ್ಕೆ ಒಳಗಾಜಿನಲ್ಲಿ ಬೂಷ್ಟು ಹಿಡಿಯಿತು. ಕಂತು ಮಾತ್ರ ನಿಲ್ಲಲಿಲ್ಲ. ನಮ್ಮ ಕರಾವಳಿಯಲ್ಲಿ ಲೆನ್ಸಿಗಿಂತ ಮೊದಲು ಕೊಳ್ಳಬೇಕಾದದ್ದು ಗಾಳಿಯಾಡದ ಡಬ್ಬಿ ಮತ್ತು ಸಿಲಿಕಾ ಜೆಲ್.

ಪೂರ್ಣಚಂದ್ರ ತೇಜಸ್ವಿ ಮೂಡಿಗೆರೆಯ ತೋಟದ ಸುತ್ತಲೇ ರೀಲು ಕ್ಯಾಮೆರಾದಲ್ಲಿ ಹಕ್ಕಿಗಳನ್ನು ಹಿಡಿದರು. ಅವರ ದೊಡ್ಡ ಆಸ್ತಿ ತಾಳ್ಮೆ.

ನಿಜ, ಅಳಿವೆಯ ಆಚೆ ದಡದ ಹಕ್ಕಿಗೆ ಉದ್ದ ಲೆನ್ಸೇ ಬೇಕು. ಗೂಡಿನಿಂದ ದೂರ ನಿಲ್ಲಲೂ ಅದು ಒಳ್ಳೆಯದು. ಅಂಥ ದಿನಕ್ಕೆ ಬಾಡಿಗೆಗೆ ತನ್ನಿ, ನಾಲ್ವರು ಸೇರಿ ಹಂಚಿಕೊಳ್ಳಿ. ಅದೂ ಆಗದಿದ್ದರೆ ಹಕ್ಕಿಯನ್ನು ಚಿಕ್ಕದಾಗಿಯೇ ಇಟ್ಟು, ಅದರ ನೀರು, ದೋಣಿ, ಆಕಾಶವನ್ನೂ ತೋರಿಸಿ. ಲೆನ್ಸ್ ಸಾಲದೆಂದು ಗೂಡಿನ ಹತ್ತಿರ ಮಾತ್ರ ನುಗ್ಗಬೇಡಿ. 1972ರ ವನ್ಯಜೀವಿ ಕಾಯ್ದೆಯಲ್ಲಿ ಹಕ್ಕಿಯ ಮೊಟ್ಟೆ, ಗೂಡಿಗೆ ತೊಂದರೆ ಕೊಡುವುದೂ ಬೇಟೆಯ ಲೆಕ್ಕಕ್ಕೇ ಸೇರುತ್ತದೆ.

ಕಾರವಾರ–ಅಂಕೋಲಾ ತೀರಕ್ಕೆ ಕಡಲಾಮೆ ಮೊಟ್ಟೆಯಿಡಲು ಬರುತ್ತದೆ. ಮರಿಗಳು ರಾತ್ರಿ ಬೆಳಕು ನೋಡಿಯೇ ಸಮುದ್ರದ ದಾರಿ ಹಿಡಿಯುತ್ತವೆ. ಅಲ್ಲಿ ನಿಮ್ಮ ಫ್ಲ್ಯಾಶ್, ಮೊಬೈಲ್ ಟಾರ್ಚ್ ಹೊಳೆದರೆ ಅವು ದಾರಿ ತಪ್ಪುತ್ತವೆ. ಅದನ್ನು ಆರಿಸಿ ಸುಮ್ಮನೆ ನೋಡಲು ಗೊತ್ತಿಲ್ಲದವನ ಕೈಗೆ ಎಷ್ಟು ಉದ್ದದ ಲೆನ್ಸ್ ಕೊಟ್ಟರೇನು?