ಚೀಲ ಸೋರಿದರೆ ಅದು ಹಣೆಬರಹವಲ್ಲ



ಕರುಳಿನ ಆಪರೇಶನ್ ಆಗಿ ಹೊಟ್ಟೆಯ ಮೇಲೆ ಚೀಲ ಅಂಟಿಸಿಕೊಂಡು ಬದುಕುವವರು ನಮ್ಮ ನಡುವೆಯೂ ಇದ್ದಾರೆ. ಆದರೆ ಅವರು ಮದುವೆಗೆ ಬರುವುದಿಲ್ಲ, ಬಸ್ಸು ಹತ್ತುವುದಿಲ್ಲ, ಭಾನುವಾರದ ಪೂಜೆಗೂ ಕಾಣಿಸುವುದಿಲ್ಲ. ಅಂಥ ಒಬ್ಬ ಕೃಷಿಕರನ್ನು ನಾವು ಅವರ ಮನೆಯಲ್ಲೇ ಕಂಡೆವು. ಚೀಲದ ಸುತ್ತಲಿನ ಚರ್ಮ ಸುಟ್ಟಂತೆ ಕೆಂಪಾಗಿ ನೀರು ಒಸರುತ್ತಿತ್ತು. ಮನೆಯವರು ತೆಂಗಿನೆಣ್ಣೆ ಹಚ್ಚುತ್ತಿದ್ದರು. ಎಣ್ಣೆಯ ಮೇಲೆ ಚೀಲ ಅಂಟದೆ ಮತ್ತೆ ಸೋರುತ್ತಿತ್ತು. ಸೋರುವ ಭಯಕ್ಕೆ ಅವರು ರಾತ್ರಿಯ ಊಟವನ್ನೇ ಬಿಟ್ಟಿದ್ದರು. "ಇದೆಲ್ಲ ಇರುವುದೇ ಫಾದರ್" ಎಂದರು.

ಈ ಮಾತನ್ನು ನಾವು ಒಪ್ಪುವುದಿಲ್ಲ. ಹೊಟ್ಟೆಯ ಮೇಲೆ ಕಾಣುವ ಕರುಳಿನ ತುದಿ, ಅಂದರೆ ಸ್ಟೋಮಾ, ಬಾಯಿಯ ಒಳಭಾಗದಂತೆ ಕೆಂಪಗೆ ಒದ್ದೆಯಾಗಿರುವುದು ಸಹಜ. ಆದರೆ ಸುತ್ತಲಿನ ಚರ್ಮ ಹೊಟ್ಟೆಯ ಉಳಿದ ಚರ್ಮದಂತೆಯೇ ಇರಬೇಕು. ಸಣ್ಣ ಕರುಳಿನಿಂದ ಬರುವ ದ್ರವದಲ್ಲಿ ಆಹಾರ ಕರಗಿಸುವ ರಸಗಳಿವೆ. ತಾಗಿದರೆ ಅವು ಚರ್ಮವನ್ನೂ ಸುಡುತ್ತವೆ.

ಆಸ್ಪತ್ರೆಯ ನರ್ಸ್ ಅಳತೆ ಮಾಡಿದಾಗ ಕಾರಣ ತಿಳಿಯಿತು. ಆಪರೇಶನ್ ಆದ ಮೊದಲ 6ರಿಂದ 8 ವಾರಗಳಲ್ಲಿ ಸ್ಟೋಮಾ ಕುಗ್ಗುತ್ತದೆ. ಇವರು ಮಾತ್ರ ಮೊದಲ ದಿನದ ಅಳತೆಗೇ ಚೀಲದ ತೂತು ಕತ್ತರಿಸುತ್ತಿದ್ದರು. ತೂತು ಸ್ಟೋಮಾಕ್ಕಿಂತ 2-3 ಮಿಲಿಮೀಟರ್ ದೊಡ್ಡದಿದ್ದರೆ ಸಾಕು. ಅಳತೆ ಸರಿಮಾಡಿದ ಮೇಲೆ ಚರ್ಮ ಮಾಯುತ್ತಾ ಬಂತು.

ತೋಡಿನ ಕಟ್ಟ ಸೋರಿದರೆ ನಾವು ಸೋರುವ ಬುಡವನ್ನೇ ಹುಡುಕುತ್ತೇವೆ. ಇಲ್ಲಿಯೂ ಹಾಗೆಯೇ. ಸೋರಿದ ಚೀಲದ ಮೇಲೆ ಟೇಪು ಅಂಟಿಸಿದರೆ ಮಲ ಒಳಗೇ ನಿಂತು ಚರ್ಮ ಇನ್ನಷ್ಟು ಸುಡುತ್ತದೆ. ಉರಿ, ತುರಿಕೆ ಕಂಡ ಕೂಡಲೇ ಚೀಲ ಬದಲಾಯಿಸಬೇಕು. ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು, ಉಜ್ಜದೆ ಒತ್ತಿ ಒರಸಿ, ಪೂರ್ತಿ ಒಣಗಿಸಿ ಅಂಟಿಸಬೇಕು. ಎಣ್ಣೆ, ಮುಲಾಮು, ಪರಿಮಳದ ಸೋಪು ಬೇಡ. ಮೂರರಲ್ಲಿ ಒಂದು ಪಾಲು ತುಂಬಿದಾಗಲೇ ಚೀಲ ಖಾಲಿ ಮಾಡಬೇಕು. ಊಟ, ನೀರು ಬಿಡಬಾರದು. ಸಣ್ಣ ಕರುಳಿನ ಸ್ಟೋಮಾ ಇರುವವರ ದೇಹದಲ್ಲಿ ನೀರು, ಉಪ್ಪು ಬೇಗ ಕಡಿಮೆಯಾಗುತ್ತದೆ. ಇಷ್ಟಾದರೂ ಹುಣ್ಣು ಮಾಯದಿದ್ದರೆ ವೈದ್ಯರಿಗೆ ತೋರಿಸಿ. ಸ್ಟೋಮಾ ಕಪ್ಪಾದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ಅಡಿಕೆಗೆ ಬೋರ್ಡೋ ಹೊಡೆಯುವ ದಿನವನ್ನು ನಾವು ಮುಂದೂಡುವುದಿಲ್ಲ. ಹಾಗಿರುವಾಗ ಮನೆಯ ಹಿರಿಯರ ಚೀಲಕ್ಕೆ ಖರ್ಚು ಮಾಡಲು ಲೆಕ್ಕ ನೋಡುವುದು ನ್ಯಾಯವೇ? ಅವರ ಬಟ್ಟೆ, ಹಾಸಿಗೆಯ ವಾಸನೆಗೆ ಮೂಗು ಮುರಿಯುವುದು ಸರಿಯೇ? ಚೀಲ ಬದಲಾಯಿಸುವುದನ್ನು ಮನೆಯ ಒಬ್ಬರಾದರೂ ಕಲಿತಿರಬೇಕು ಎಂಬುದು ನಮ್ಮ ಅಭಿಪ್ರಾಯ.

ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನಲ್ಲಿ 1958ರಲ್ಲಿ ರೋಗಿಗಳಿಗೆ ಇದನ್ನು ಕಲಿಸಲು ನೇಮಕಗೊಂಡ ನಾರ್ಮಾ ಗಿಲ್ ಅವರಿಗೆ ಸ್ವತಃ ಸ್ಟೋಮಾ ಇತ್ತು. ನೋವು ಉಂಡವರೇ ಗುರುಗಳಾದರು. ನಮ್ಮ ಆ ಕೃಷಿಕರೂ ಈಗ ಇಂಥವರೊಡನೆ ಮಾತಾಡಲು ಸಿದ್ಧರಿದ್ದಾರೆ. ನಿಮ್ಮ ಮನೆಯಲ್ಲಿ ಯಾರಾದರೂ ಬಾಗಿಲು ಮುಚ್ಚಿ ಕುಳಿತಿದ್ದರೆ ನಮಗೆ ತಿಳಿಸಿ. ಅವರನ್ನು ಕರೆದುಕೊಂಡು ನಾವೇ ಬರುತ್ತೇವೆ.