ಒಂಟಿ ಸವಾರನಿಗೆ ಜೊತೆ ಯಾರು?

ಮಳೆಗಾಲ ಹಿಂದೆ ಸರಿಯಿತೆಂದರೆ ನಮ್ಮ ಅನೇಕ ಮನೆಗಳಲ್ಲಿ ಒಂದು ವಾಗ್ವಾದ ಆರಂಭವಾಗುತ್ತದೆ. ಕೆಲಸಕ್ಕೆ ಸೇರಿ ಎರಡು ಮೂರು ವರ್ಷವಾದ ಮಗ, ಕೆಲವು ಮನೆಗಳಲ್ಲಿ ಮಗಳು, ಬೈಕಿನ ಹಿಂದೆ ಟೆಂಟು, ಕ್ಯಾಮೆರಾ ಚೀಲ ಕಟ್ಟಿಕೊಂಡು ಮಲೆನಾಡಿನ ಕಡೆಗೋ, ಬಯಲುಸೀಮೆಯ ಕುರುಚಲು ಕಾಡಿನ ಕಡೆಗೋ ನಾಲ್ಕು ದಿನ ಒಬ್ಬರೇ ಹೋಗಿ ಬರುತ್ತೇನೆ ಎನ್ನುತ್ತಾರೆ. ಬೆಟ್ಟ, ಬಯಲು, ಹಕ್ಕಿ, ಜಿಂಕೆಗಳ ಚಿತ್ರ ತೆಗೆಯುವುದು ಅವರ ಆಸೆ. ತಾಯಿ ಊಟ ಬಿಡುತ್ತಾರೆ, ತಂದೆ ಮಾತು ಬಿಡುತ್ತಾರೆ. ಕೊನೆಗೆ ವಿಷಯ ಮನೆಯ ವೈದ್ಯರ ಬಳಿಗೆ ಬರುತ್ತದೆ. "ಡಾಕ್ಟ್ರೇ, ನೀವಾದರೂ ಬೇಡ ಅಂತ ಹೇಳಿ" ಎಂಬುದು ಹಿರಿಯರ ಬೇಡಿಕೆ.

ನಾನು ಹಾಗೆ ಹೇಳುವುದಿಲ್ಲ. ಇದಕ್ಕೆ ಎರಡು ಕಾರಣಗಳಿವೆ.

ಮೊದಲನೆಯದು, ಈ ಹವ್ಯಾಸದಲ್ಲಿ ಆರೋಗ್ಯಕ್ಕೆ ಒಳ್ಳೆಯದಾಗುವ ಅಂಶಗಳು ಸಾಕಷ್ಟಿವೆ. ವಾರವಿಡೀ ಕುರ್ಚಿಗೆ ಅಂಟಿಕೊಂಡು, ಕಂಪ್ಯೂಟರ್ ಪರದೆ ನೋಡುತ್ತ ಕತ್ತು ನೋಯಿಸಿಕೊಂಡವರಿಗೆ ಬಯಲು ಗಾಳಿ, ನಡಿಗೆ, ಮೌನ ಇವೆಲ್ಲ ಮಾತ್ರೆಯಲ್ಲಿ ಸಿಗುವ ವಸ್ತುಗಳಲ್ಲ. ಹಕ್ಕಿಯ ಚಿತ್ರ ತೆಗೆಯಬೇಕಾದರೆ ಮೊದಲು ಸುಮ್ಮನೆ ಕೂರುವುದನ್ನು ಕಲಿಯಬೇಕು. ಪೂರ್ಣಚಂದ್ರ ತೇಜಸ್ವಿಯವರು ಮೂಡಿಗೆರೆಯ ತಮ್ಮ ತೋಟದ ಆಸುಪಾಸಿನಲ್ಲಿ ವರ್ಷಗಟ್ಟಲೆ ಹಕ್ಕಿಗಳ ಚಿತ್ರ ತೆಗೆದರು. ಅಂಥ ಕಾಯುವಿಕೆ ಗುಂಪಿನಲ್ಲಿ ಆಗುವ ಕೆಲಸವಲ್ಲ. ನಾಲ್ಕು ಜನ ಸೇರಿದರೆ ಮಾತು ಶುರುವಾಗುತ್ತದೆ, ಮಾತು ಶುರುವಾದರೆ ಹಕ್ಕಿ ಹಾರುತ್ತದೆ. ಒಬ್ಬರೇ ಹೋಗಬೇಕೆಂಬ ಹಂಬಲವನ್ನು ಹುಡುಗಾಟ ಎಂದು ತಳ್ಳಿಹಾಕುವುದು ಸರಿಯಲ್ಲ.

ಎರಡನೆಯ ಕಾರಣ ಇನ್ನೂ ಮುಖ್ಯ. ಬೇಡ ಎಂದು ಹಟ ಹಿಡಿದ ಮನೆಗಳಲ್ಲಿ ಮಕ್ಕಳು ಹೋಗುವುದನ್ನು ಬಿಡುವುದಿಲ್ಲ, ಹೇಳುವುದನ್ನು ಬಿಡುತ್ತಾರೆ. ಸ್ನೇಹಿತನ ಮದುವೆ, ಕಚೇರಿಯ ಕೆಲಸ ಎಂದು ಏನೋ ಒಂದು ನೆಪ ಹುಟ್ಟುತ್ತದೆ. ವೈದ್ಯನಾಗಿ ನನಗೆ ಭಯ ಹುಟ್ಟಿಸುವುದು ಒಂಟಿತನವಲ್ಲ, ಈ ಗುಟ್ಟು.

ಜೊತೆಗಾರ ಎಂಬುವನು ಪ್ರಯಾಣದಲ್ಲಿ ಹರಟೆಗೆ ಮಾತ್ರ ಇರುವುದಿಲ್ಲ. ಆತ ನಾಲ್ಕು ಕೆಲಸ ಮಾಡುತ್ತಾನೆ. "ನಿನಗೆ ನಿದ್ದೆ ಬರುತ್ತಿದೆ, ಗಾಡಿ ನಿಲ್ಲಿಸು" ಎನ್ನುತ್ತಾನೆ. ನೀವು ಕ್ಯಾಮೆರಾದಲ್ಲಿ ಮುಳುಗಿದಾಗ ನಿಮ್ಮ ಬೆನ್ನ ಹಿಂದೆ ನೋಡುತ್ತಾನೆ. ಬಿದ್ದರೆ ನೆರವು ಕರೆಯುತ್ತಾನೆ. ವಾರದ ನಂತರ ಜ್ವರ ಬಂದರೆ ಎಲ್ಲೆಲ್ಲಿ ಹೋಗಿದ್ದೆವೆಂದು ನೆನಪಿಸುತ್ತಾನೆ. ಒಂಟಿಯಾಗಿ ಹೊರಡುವವರು ಈ ನಾಲ್ಕೂ ಕೆಲಸಗಳನ್ನು ಮೊದಲೇ ಯಾರಿಗೆ, ಯಾವುದಕ್ಕೆ ಒಪ್ಪಿಸಬೇಕೆಂದು ಯೋಚಿಸಬೇಕು. ಒಪ್ಪಿಸಿದರೆ ಹೋಗಲಿ, ಇಲ್ಲದಿದ್ದರೆ ಬೇಡ. ಇದು ನನ್ನ ಅಭಿಪ್ರಾಯ.

ನಿದ್ದೆಯ ಲೆಕ್ಕ

ಮೊದಲ ಕೆಲಸವನ್ನು ಗಡಿಯಾರಕ್ಕೆ ಒಪ್ಪಿಸಿ. ಚಿತ್ರ ತೆಗೆಯುವವರಿಗೆ ಬೇಕಾದ ಬೆಳಕು ಸಿಗುವುದು ಸೂರ್ಯ ಹುಟ್ಟುವಾಗ ಮತ್ತು ಮುಳುಗುವಾಗ. ಅದಕ್ಕಾಗಿ ನಸುಕಿನ 4 ಗಂಟೆಗೆ ಏಳುತ್ತಾರೆ, ಸಂಜೆಯ ಕೊನೆಯ ಕಿರಣದವರೆಗೂ ಬೆಟ್ಟದ ಮೇಲಿರುತ್ತಾರೆ, ಆಮೇಲೆ ಕತ್ತಲಲ್ಲಿ ಗಾಡಿ ಓಡಿಸುತ್ತಾರೆ. 4 ಗಂಟೆಗೆ ಎದ್ದವರಿಗೆ ರಾತ್ರಿ 9ಕ್ಕೆ 17 ತಾಸು ತುಂಬಿರುತ್ತದೆ. ಸತತ 17 ತಾಸು ಎಚ್ಚರವಿದ್ದವರ ಚುರುಕುತನ, ರಕ್ತದಲ್ಲಿ ಶೇಕಡಾ 0.05ರಷ್ಟು ಮದ್ಯವಿದ್ದವರ ಮಟ್ಟಕ್ಕೆ ಇಳಿಯುತ್ತದೆ ಎಂಬುದು ಸಂಶೋಧನೆಗಳಿಂದ ಕಂಡುಬಂದಿದೆ. ನಮ್ಮ ಕಾನೂನು ವಾಹನ ಚಾಲಕರಿಗೆ ಇಟ್ಟಿರುವ ಮಿತಿ ಶೇಕಡಾ 0.03. ಅಂದರೆ ಒಂದು ತೊಟ್ಟೂ ಕುಡಿಯದ ಸಾಧು ಹುಡುಗನೂ ಆ ಹೊತ್ತಿನಲ್ಲಿ ಕುಡಿದವರಂತೆಯೇ ಗಾಡಿ ಓಡಿಸುತ್ತಿರುತ್ತಾನೆ. ಕಾಡುಪ್ರಾಣಿಗಳು ರಸ್ತೆ ದಾಟುವುದು ಹೆಚ್ಚಾಗಿ ಅದೇ ಹೊತ್ತಿನಲ್ಲಿ. ಬಂಡೀಪುರದ ಹೆದ್ದಾರಿಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧಿಸಿರುವುದು ಪ್ರಾಣಿಗಳ ರಕ್ಷಣೆಗೆ. ಅದು ಸವಾರರ ರಕ್ಷಣೆಯೂ ಹೌದು.

ಆದ್ದರಿಂದ ಸಂಜೆ ಎಲ್ಲಿ ಚಿತ್ರ ತೆಗೆಯುತ್ತೀರೋ ಅದರ ಹತ್ತಿರದಲ್ಲೇ ರಾತ್ರಿ ತಂಗಬೇಕು. ದೂರದ ಸವಾರಿ ಹಗಲಿನಲ್ಲಿ ಮುಗಿಯಬೇಕು. ಎರಡು ತಾಸಿಗೊಮ್ಮೆ ಇಳಿದು ನಡೆದಾಡಿ, ನೀರು ಕುಡಿಯಿರಿ. ಬೈಕಿನ ಗಾಳಿಗೆ ಬೆವರು ಆರಿಹೋಗುವುದರಿಂದ ಮೈಯ ನೀರು ಕಡಿಮೆಯಾದದ್ದು ಗೊತ್ತೇ ಆಗುವುದಿಲ್ಲ. ಮಧ್ಯಾಹ್ನ ಬೆಳಕು ಚಿತ್ರಕ್ಕೆ ಅಷ್ಟು ಒಳ್ಳೆಯದಲ್ಲ, ನಿದ್ದೆಗೆ ಒಳ್ಳೆಯದು. ನೆಗಡಿಯ ಮಾತ್ರೆ ನುಂಗಿ ಗಾಡಿ ಹತ್ತಬೇಡಿ, ಅವುಗಳಲ್ಲಿ ಅನೇಕವು ತೂಕಡಿಕೆ ತರುತ್ತವೆ. ಇನ್ನು ಹೆಲ್ಮೆಟ್: ಅದು ಸಾವಿನ ಸಂಭವವನ್ನು ಶೇಕಡಾ 40ರಷ್ಟು, ತಲೆಪೆಟ್ಟಿನ ಸಂಭವವನ್ನು ಶೇಕಡಾ 70ರಷ್ಟು ತಗ್ಗಿಸುತ್ತದೆ. ಇದಕ್ಕಿಂತ ಹೆಚ್ಚು ಹೇಳುವ ಅಗತ್ಯವಿಲ್ಲ.

ಬೆನ್ನ ಹಿಂದೆ ಕಣ್ಣು

ಎರಡನೆಯ ಕೆಲಸವನ್ನು ಜಾಗದ ಆಯ್ಕೆಗೆ ಒಪ್ಪಿಸಬೇಕು. ಒಂದು ಕಣ್ಣು ಮುಚ್ಚಿ, ಇನ್ನೊಂದನ್ನು ಕ್ಯಾಮೆರಾಕ್ಕೆ ಒತ್ತಿದವರಿಗೆ ಸುತ್ತಲಿನ ಪ್ರಪಂಚ ಅಂಗೈಯಗಲವಾಗಿರುತ್ತದೆ. ಕೈಯಲ್ಲಿರುವ ಮೊಬೈಲಿನಿಂದ ಚಿತ್ರ ತೆಗೆಯುವವರ ಪಾಡು ಇನ್ನೂ ಕಷ್ಟ. ಪ್ರಾಣಿ ದೊಡ್ಡದಾಗಿ ಕಾಣಲೆಂದು ಅವರೇ ಹತ್ತಿರ ಹೋಗುತ್ತಾರೆ. 2025ರ ಆಗಸ್ಟ್‌ನಲ್ಲಿ ಬಂಡೀಪುರದ ರಸ್ತೆಯಲ್ಲಿ ಆನೆಯ ಬಳಿ ಹೀಗೆ ಹೋದವರೊಬ್ಬರು ಅದರ ಕಾಲಿಗೆ ಸಿಕ್ಕಿ, ಅದೃಷ್ಟವಶಾತ್ ಬದುಕಿಕೊಂಡರು. ಕಾಡಿನ ರಸ್ತೆಯಲ್ಲಿ ಗಾಡಿ ನಿಲ್ಲಿಸಿ ಇಳಿಯಲೇಬಾರದು. ದರೋಜಿಯಂಥ ಕಡೆಯ ಕುರುಚಲು ಗುಡ್ಡಗಳಲ್ಲಿ ಕರಡಿ ಸಂಜೆ ಹೊರಬೀಳುತ್ತದೆ. ಹತ್ತಿರದಲ್ಲಿ ಹಠಾತ್ತನೆ ಮನುಷ್ಯರನ್ನು ಕಂಡರೆ ಮೇಲೆರಗುತ್ತದೆ.

ಟೆಂಟ್ ಹಾಕುವುದಕ್ಕೂ ನಿಯಮವಿದೆ. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳೊಳಗೆ ಅನುಮತಿಯಿಲ್ಲದೆ ಹೋಗುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಪರಿಚಿತರ ತೋಟ, ಹೋಂಸ್ಟೇ ಅಂಗಳ, ಇಲಾಖೆಯವರು ಗೊತ್ತುಮಾಡಿದ ಶಿಬಿರ, ಹೀಗೆ ಕೂಗಿದರೆ ಇನ್ನೊಬ್ಬರಿಗೆ ಕೇಳಿಸುವ ಜಾಗವನ್ನೇ ಆರಿಸಿಕೊಳ್ಳಿ. ನೆಲದ ಮೇಲೆ ಮಲಗಿದವರನ್ನು ಕಟ್ಟುಹಾವು ರಾತ್ರಿ ಕಚ್ಚುವುದುಂಟು. ಆ ಕಡಿತ ನೋಯುವುದೇ ಇಲ್ಲವೆನ್ನುವಷ್ಟು ಕಡಿಮೆ. ಬೆಳಿಗ್ಗೆ ರೆಪ್ಪೆ ಎತ್ತಲಾಗದಿದ್ದರೆ, ಮಾತು ತೊದಲಿದರೆ ಒಂದು ನಿಮಿಷವೂ ಕಾಯಬಾರದು. ಟೆಂಟಿನ ಜಿಪ್ಪು ಸದಾ ಮುಚ್ಚಿರಲಿ, ಬೂಟನ್ನು ಕೊಡವಿ ಹಾಕಿಕೊಳ್ಳಿ, ಕತ್ತಲಲ್ಲಿ ಬ್ಯಾಟರಿಯಿಲ್ಲದೆ ಹೆಜ್ಜೆ ಇಡಬೇಡಿ. ಹಾವು ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಹೀರುವುದು ಯಾವುದೂ ಬೇಡ. ಉಂಗುರ, ಗಡಿಯಾರ ತೆಗೆದು, ಕಚ್ಚಿದ ಕೈಯನ್ನೋ ಕಾಲನ್ನೋ ಅಲುಗಾಡಿಸದೆ ಆಸ್ಪತ್ರೆ ಸೇರಬೇಕು. ಪ್ರತಿವಿಷದ ಚುಚ್ಚುಮದ್ದೊಂದೇ ಇದಕ್ಕೆ ಔಷಧ.

ಇನ್ನೊಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ಚಳಿಯೆಂದು ಟೆಂಟಿನೊಳಗೆ ಕೆಂಡವನ್ನಾಗಲಿ, ಸ್ಟೌವನ್ನಾಗಲಿ ಇಟ್ಟುಕೊಂಡು ಮಲಗಬೇಡಿ. ಅದರಿಂದ ಹೊರಡುವ ಕಾರ್ಬನ್ ಮೊನಾಕ್ಸೈಡ್ ಅನಿಲಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ನಿದ್ದೆಯಲ್ಲೇ ಪ್ರಾಣ ಹೋಗುತ್ತದೆ. ಇಂಬಳದ ಕಾಟಕ್ಕೆ ಹೆದರುವವರು ಬಹಳ. ಅದು ಕುಡಿಯುವ ರಕ್ತ ಅತ್ಯಲ್ಪ. ಹೆದರಬೇಕಾದದ್ದು ಈ ಕೆಂಡಕ್ಕೆ.

ಮನೆಯಲ್ಲೊಂದು ಚೀಟಿ

ಮೂರನೆಯ ಕೆಲಸ ಮನೆಯವರದು. ಹೊರಡುವ ಮುನ್ನ ಒಂದು ಹಾಳೆಯಲ್ಲಿ ಯಾವ ದಾರಿ, ಯಾವ ರಾತ್ರಿ ಎಲ್ಲಿ ತಂಗುವುದು, ಗಾಡಿಯ ನಂಬರು, ರಕ್ತದ ಗುಂಪು, ಸೇವಿಸುವ ಔಷಧ, ಒಗ್ಗದ ಔಷಧ ಇಷ್ಟನ್ನು ಬರೆದಿಡಬೇಕು. ಅದರ ಪ್ರತಿಯೊಂದು ಸವಾರರ ಜೇಬಿನಲ್ಲೂ ಇರಲಿ. ದಾರಿ ಬದಲಾದರೆ ಸಿಗ್ನಲ್ ಸಿಕ್ಕಿದ ಕೂಡಲೇ ತಿಳಿಸಬೇಕು. ದಿನಕ್ಕೊಮ್ಮೆ ಇಂಥ ಹೊತ್ತಿಗೆ ಮಾತಾಡುವುದೆಂದು ಗೊತ್ತುಮಾಡಿಕೊಳ್ಳಿ. ಎಷ್ಟು ತಾಸು ತಡವಾದರೆ 112ಕ್ಕೆ ಕರೆ ಮಾಡಬೇಕೆಂಬುದನ್ನೂ ಮೊದಲೇ ನಿರ್ಧರಿಸಿ. ಮಲೆನಾಡಿನ ಎಷ್ಟೋ ಕಣಿವೆಗಳಲ್ಲಿ ಮೊಬೈಲ್ ಸದ್ದು ಮಾಡುವುದಿಲ್ಲ, ಆದ್ದರಿಂದ ಗಡುವು ಸ್ವಲ್ಪ ಸಡಿಲವಿರಲಿ.

ತಾಯಂದಿರಲ್ಲಿ ಒಂದು ವಿನಂತಿ. ಗಂಟೆಗೊಮ್ಮೆ ಫೋನ್ ಮಾಡಬೇಡಿ. ಘಟ್ಟದ ತಿರುವಿನಲ್ಲಿರುವ ಮಗ ನಿಮ್ಮ ಕರೆಯೆಂದು ಒಂದು ಕೈ ಬಿಟ್ಟು ಜೇಬಿಗೆ ಕೈ ಹಾಕಿದರೆ, ನೀವು ಹೆದರಿದ್ದನ್ನು ನೀವೇ ಕರೆದಂತಾಗುತ್ತದೆ.

"ಎಲ್ಲಿ ಹೋಗಿದ್ದಿರಿ?"

ನಾಲ್ಕನೆಯ ಕೆಲಸವನ್ನು ಬಹುತೇಕ ಎಲ್ಲರೂ ಮರೆಯುತ್ತಾರೆ. ಮರಳಿ ಬಂದು, ಚೀಲ ಬಿಚ್ಚಿ, ಬಟ್ಟೆ ಒಗೆದ ಮೇಲೆ ಪ್ರವಾಸ ಮುಗಿಯಿತೆಂದು ತಿಳಿಯುತ್ತಾರೆ. ವೈದ್ಯರ ಲೆಕ್ಕದಲ್ಲಿ ಅದು ಇನ್ನೊಂದು ತಿಂಗಳು ಮುಗಿಯುವುದಿಲ್ಲ.

ಒಮ್ಮೆ ನನ್ನ ಬಳಿ ಇಪ್ಪತ್ತಾರು ವರ್ಷದ ಯುವಕನೊಬ್ಬ ಐದು ದಿನದ ಜ್ವರದೊಂದಿಗೆ ಬಂದ. ಜೊತೆಯಲ್ಲಿ ತಂದೆ ತಾಯಿ. ಊರು ಬಿಟ್ಟು ಹೋಗಿದ್ದೆಯಾ ಎಂದರೆ ಮದುವೆಗೆ ಹೋಗಿದ್ದೆ ಎಂದ. ರಕ್ತ ಪರೀಕ್ಷೆಯಲ್ಲಿ ಮಲೇರಿಯಾ, ಡೆಂಗೆ ಯಾವುದೂ ಇರಲಿಲ್ಲ. ಮೈ ಪರೀಕ್ಷಿಸಲೆಂದು ಹಿರಿಯರನ್ನು ಹೊರಗೆ ಕಳಿಸಿದಾಗ ಹುಡುಗ ಮೆಲ್ಲಗೆ ಬಾಯಿಬಿಟ್ಟ. "ಸರ್, ಎರಡು ರಾತ್ರಿ ಹುಲ್ಲುಗಾವಲಲ್ಲಿ ಟೆಂಟ್ ಹಾಕಿದ್ದೆ. ಅಪ್ಪನಿಗೆ ಹೇಳಬೇಡಿ." ಸೊಂಟಪಟ್ಟಿಯ ಕೆಳಗೆ ಸಿಗರೇಟಿನಿಂದ ಸುಟ್ಟಂತೆ ಒಂದು ಕಪ್ಪು ಹೊಪ್ಪಳೆ ಇತ್ತು. ಅದಕ್ಕೆ ನೋವಿಲ್ಲದ್ದರಿಂದ ಅವನು ನೋಡಿಕೊಂಡೇ ಇರಲಿಲ್ಲ. ಪೊದೆ, ಹುಲ್ಲುಗಳಲ್ಲಿರುವ ನುಸಿಯ ಮರಿ ಕಚ್ಚುವುದರಿಂದ ಬರುವ ಸ್ಕ್ರಬ್ ಟೈಫಸ್ ಅದು. ಡಾಕ್ಸಿಸೈಕ್ಲಿನ್ ಎಂಬ ಸಾಮಾನ್ಯ ಬೆಲೆಯ ಮಾತ್ರೆಗೆ ಎರಡು ದಿನದಲ್ಲಿ ಜ್ವರ ಇಳಿಯಿತು. ತಡವಾದರೆ ಇದೇ ರೋಗ ಶ್ವಾಸಕೋಶ, ಮೂತ್ರಪಿಂಡಗಳನ್ನು ಹಿಡಿದು ಪ್ರಾಣಕ್ಕೆ ಕುತ್ತು ತರುತ್ತದೆ.

ಹೀಗೆ ತಡವಾಗಿ ತಲೆಯೆತ್ತುವ ರೋಗಗಳು ಇನ್ನೂ ಇವೆ. ಮಂಗನ ಕಾಯಿಲೆ 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾಯಿತು. ಬೇಸಿಗೆಯವರೆಗಿನ ಒಣ ತಿಂಗಳುಗಳಲ್ಲಿ, ಅಂದರೆ ಪ್ರವಾಸದ ಕಾಲದಲ್ಲೇ, ಉಣುಗಿನ ಕಡಿತದಿಂದ ಇದು ಬರುತ್ತದೆ. ಕಚ್ಚಿದ 3ರಿಂದ 8 ದಿನಗಳಲ್ಲಿ ಹಠಾತ್ ಜ್ವರ, ತೀವ್ರ ತಲೆನೋವು, ಮೈಕೈ ನೋವು ಕಾಣಿಸಿಕೊಳ್ಳುತ್ತದೆ. ರೋಗ ತಗಲಿದ 100 ಜನರಲ್ಲಿ 3ರಿಂದ 5 ಮಂದಿ ಸಾಯುತ್ತಾರೆ. ನಿರ್ದಿಷ್ಟ ಔಷಧವಿಲ್ಲದ್ದರಿಂದ ಬೇಗ ಆಸ್ಪತ್ರೆ ಸೇರಿ ಆರೈಕೆ ಪಡೆಯುವುದೇ ದಾರಿ. ಸತ್ತ ಮಂಗ ಕಂಡರೆ ಚಿತ್ರಕ್ಕೆಂದು ಹತ್ತಿರ ಹೋಗದೆ ಆರೋಗ್ಯ ಇಲಾಖೆಯವರಿಗೆ ತಿಳಿಸಿ. ಕಾಡಿನಂಚಿನಲ್ಲಿ ತುಂಬು ತೋಳು, ಕಾಲುಚೀಲದೊಳಗೆ ಸಿಕ್ಕಿಸಿದ ಪ್ಯಾಂಟು ಇರಲಿ. ಸಂಜೆ ಸ್ನಾನ ಮಾಡುವಾಗ ಮೈಯೆಲ್ಲ ನೋಡಿಕೊಳ್ಳಿ. ಉಣುಗು ಕಚ್ಚಿಕೊಂಡಿದ್ದರೆ ಚಿಮಟದಿಂದ ಚರ್ಮದ ಹತ್ತಿರ ಹಿಡಿದು ನೇರವಾಗಿ ಎಳೆಯಿರಿ, ಸುಡಬೇಡಿ, ಜಜ್ಜಬೇಡಿ. ಗಾಯದ ಕಾಲಿನಲ್ಲಿ ಹಳ್ಳದ ನೀರಿಗೆ ಇಳಿದವರಿಗೆ ಇಲಿ ಜ್ವರ ಬರಲು 30 ದಿನಗಳವರೆಗೂ ಅವಕಾಶವುಂಟು.

ಹಾಗಾಗಿ ಪ್ರವಾಸದಿಂದ ಬಂದ ಒಂದು ತಿಂಗಳೊಳಗೆ ಜ್ವರ ಬಂದರೆ ವೈದ್ಯರ ಮುಂದೆ ಮೊದಲು ಹೇಳಬೇಕಾದ ಮಾತು "ಕಾಡಿನ ಕಡೆ ಹೋಗಿದ್ದೆ" ಎಂಬುದು. ತಾರೀಖು ಮರೆತಿದ್ದರೂ ಚಿಂತೆಯಿಲ್ಲ. ನಿಮ್ಮ ಕ್ಯಾಮೆರಾ ಪ್ರತಿ ಚಿತ್ರದ ಜೊತೆ ದಿನ, ಸಮಯ ದಾಖಲಿಸಿರುತ್ತದೆ. ಯಾವ ದಿನ ಯಾವ ಹುಲ್ಲಿನಲ್ಲಿ ಕುಳಿತಿದ್ದಿರಿ ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ನಮಗೆ ಬೇಕಿಲ್ಲ. ವೈದ್ಯರನ್ನು ಕಾಣುವವರೆಗೆ ಜ್ವರಕ್ಕೆ ಪ್ಯಾರಸಿಟಮಾಲ್ ಸಾಕು. ಆಸ್ಪಿರಿನ್, ಐಬುಪ್ರೊಫೇನ್ ಬೇಡ. ಡೆಂಗೆಯಾಗಿದ್ದರೆ ರಕ್ತಸ್ರಾವ ಹೆಚ್ಚುವ ಅಪಾಯವಿದೆ.

ಈ ಮಾತುಗಳು ಹುಡುಗರಿಗೆ ಮಾತ್ರವಲ್ಲ. ಮಕ್ಕಳು ದೊಡ್ಡವರಾದರೆಂದು ಐವತ್ತರ ಮೇಲೆ ಹಳೆಯ ಬುಲೆಟ್ ಹೊರತೆಗೆಯುವ ತಂದೆಯರೂ ಇದ್ದಾರೆ. ಅವರು ಸಕ್ಕರೆ ಕಾಯಿಲೆ, ರಕ್ತದೊತ್ತಡದ ಮಾತ್ರೆಗಳನ್ನು ಎರಡು ದಿನ ಹೆಚ್ಚಿಗೆಯೇ ಒಯ್ಯಬೇಕು. ಎದೆನೋವು, ಉಬ್ಬಸ ಇದ್ದರೆ ಹೊರಡುವ ಮುನ್ನ ಪರೀಕ್ಷೆ ಮಾಡಿಸಿಕೊಳ್ಳಬೇಕು. ಮಗನಿಗೆ ಹೇಳಿದ ಚೀಟಿ ಅವರಿಗೂ ಅನ್ವಯಿಸುತ್ತದೆ.

ಹಿರಿಯರಿಗೆ ನನ್ನ ಸಲಹೆ ಇಷ್ಟೇ. ಬೇಡ ಎನ್ನುವ ಬದಲು "ರಾತ್ರಿ ಎಲ್ಲಿ ಮಲಗುತ್ತೀಯಪ್ಪಾ?" ಎಂದು ಕೇಳಿ. ಉತ್ತರ ಸಿಕ್ಕಿದರೆ ಬರೆದಿಟ್ಟುಕೊಳ್ಳಿ. ಸಿಗದಿದ್ದರೆ, ಉತ್ತರ ಹುಡುಕಿಕೊಂಡು ಹೊರಡಲಿ ಎಂದು ಹೇಳಿ. ಬಂದ ಮೇಲೆ ಬೈಯುವ ಮೊದಲು ತೆಗೆದ ಚಿತ್ರಗಳನ್ನು ತೋರಿಸಲು ಹೇಳಿ, ಕೂತು ನೋಡಿ. ಮನೆಮಂದಿ ಕೂತು ಚಿತ್ರ ನೋಡುವ ಮನೆಯಲ್ಲಿ ಮದುವೆಯ ಸುಳ್ಳು ಹೇಳುವ ಅಗತ್ಯ ಯಾರಿಗೂ ಬರುವುದಿಲ್ಲ.